ವಂದನಾರ್ಪಣೆ ಯೋಗಣ್ಣ

ಅಮೆರಿಕದ ಮಿಲ್ಪಿಟಾಸ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಯೋಗಾನಂದ ಎನ್ನುವವರು ಮೂವರಿದ್ದಾರೆ. ಮನೆ ಮಾರಿಸಿಕೊಡುವ ಯೋಗಾನಂದ, ಟೆನಿಸ್ ಆಡಲು ಹೋಗಿ ಮೊಣಕೈ ಮುರಿದುಕೊಂಡ ಯೋಗಾನಂದ, ಮತ್ತು ವಂದನಾರ್ಪಣೆ ಯೋಗಣ್ಣ. ಮೊದಲಿಬ್ಬರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹೇಳಿದರೂ ಮೊದಲನೆಯವರು ಅದನ್ನೇ ಜಾಹೀರಾತು ಮಾಡಿಕೊಳ್ಳುತ್ತಾರೆ. ನಮ್ಮ ಮಾತು ಮೂರನೆಯವನದು.

ಈ ಬಿರುದು ಅವನಿಗೆ ಅಮೆರಿಕದಲ್ಲಿ ಬಂದದ್ದಲ್ಲ, ಹಾಸನದ ಹೈಸ್ಕೂಲಿನಲ್ಲೇ ಅಂಟಿಕೊಂಡದ್ದು. ಶಾಲಾ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಕಂಠವಿದ್ದ ಹುಡುಗಿಯರಿಗೆ ಹೋಯಿತು, ಸ್ವಾಗತ ಭಾಷಣ ಹೆಡ್‌ಮಾಸ್ತರ ಅಳಿಯನ ತಮ್ಮನಿಗೆ ಹೋಯಿತು, ನಾಟಕದ ಪಾತ್ರಗಳು ಗಲಾಟೆ ಮಾಡಿ ಕೇಳಿದವರಿಗೆ ಹೋದವು. ಬಾಯಿ ಬಿಟ್ಟು ಏನನ್ನೂ ಕೇಳದೆ ಮೂಲೆಯಲ್ಲಿ ನಿಂತಿದ್ದ ಯೋಗಾನಂದನಿಗೆ ಯಾರಿಗೂ ಬೇಡವಾಗಿದ್ದ ವಂದನಾರ್ಪಣೆ ಬಂತು. ಅವನು ಅದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಮುಂದೆ ಬೇರೇನನ್ನೂ ಯಾರೂ ಅವನಿಗೆ ಕೊಡಲಿಲ್ಲ.

ತನ್ನ ಮದುವೆಯ ಆರತಕ್ಷತೆಯಲ್ಲಿ ಮದುಮಗನೇ ಮೈಕ್ ಹಿಡಿದು, ಛತ್ರದ ಮ್ಯಾನೇಜರಿನಿಂದ ಹಿಡಿದು ಪಾತ್ರೆ ತೊಳೆದವರವರೆಗೆ ಎಲ್ಲರನ್ನೂ ವಂದಿಸಿದ. ಹೆಣ್ಣಿನ ಸೋದರಮಾವ ಗಾಬರಿಯಾಗಿ, ಹುಡುಗ ಎಲೆಕ್ಷನ್ನಿಗೇನಾದರೂ ನಿಲ್ಲುತ್ತಾನೆಯೇ ಎಂದು ವಿಚಾರಿಸಿದ್ದರಂತೆ. ಅಮೆರಿಕಕ್ಕೆ ಬಂದ ಮೇಲೆ, ಫ್ರೀವೇಯಲ್ಲಿ ವೇಗ ಹೆಚ್ಚಾಯಿತೆಂದು ಹಿಡಿದು ದಂಡ ಹಾಕಿದ ಪೊಲೀಸಿನವನಿಗೆ ಅವನು ಹೇಳಿದ ಧನ್ಯವಾದ ಕೇಳಿ, ಈತ ಕುಡಿದಿರಬೇಕೆಂದು ಪೊಲೀಸಿನವನು ಬಾಯಿ ಊದಿಸಿ ನೋಡಿದ. ಊದಿಸಿದ್ದಕ್ಕೂ ಯೋಗಾನಂದ ಥ್ಯಾಂಕ್ಸ್ ಹೇಳಿದ.

ಅವನ ಕೆಲಸ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧ ಸಂಶೋಧನೆಯ ಕಂಪನಿಯಲ್ಲಿ. ಅಲ್ಲಿನ ತಕ್ಕಡಿಗಳು ಸರಿಯಾಗಿ ತೂಗುತ್ತವೆಯೇ, ಫ್ರೀಜರುಗಳು ಸರಿಯಾಗಿ ತಣ್ಣಗಿವೆಯೇ ಎಂದು ಪರೀಕ್ಷಿಸುವುದು. ಬಡ್ತಿ ಆಗಬೇಕಾಗಿ ವರ್ಷಗಳೇ ಆದವು. ಪ್ರತಿ ಸಲವೂ ಅವನು ಮ್ಯಾನೇಜರಿಗೆ, ತನ್ನ ಬಡ್ತಿಯನ್ನು ಪರಿಗಣಿಸುತ್ತಿರುವುದಕ್ಕೆ ಮುಂಚಿತವಾಗಿಯೇ ವಂದನೆಗಳು ಎಂದು ಈಮೇಲ್ ಬರೆಯುತ್ತಾನೆ. ಅವಳು ‘ಯೂ ಆರ್ ವೆಲ್‌ಕಮ್’ ಎಂದು ಉತ್ತರಿಸುತ್ತಾಳೆ. ವ್ಯವಹಾರ ಅಲ್ಲಿಗೆ ಮುಗಿಯುತ್ತದೆ.

“ಅಳದಿದ್ರೆ ತಾಯಿನೂ ಹಾಲು ಕೊಡಲ್ಲ ಅಂತಾರೆ,” ಎಂದು ಹೆಂಡತಿ ರಂಜನಿ ಮೂದಲಿಸುತ್ತಾಳೆ. “ನೀವು ಹಾಲು ಬರೋಕ್ ಮುಂಚೆನೇ ಥ್ಯಾಂಕ್ಸ್ ಹೇಳಿ ತೊಟ್ಲಲ್ಲಿ ಮಲ್ಕೊಂಡ್ಬಿಡ್ತೀರಿ.”

ಇನ್ನು ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ಅವನ ವಂದನಾರ್ಪಣೆಯನ್ನು ಯಾರು ಕೇಳುತ್ತಾರೆ ಎಂದರೆ, ಯಾರೂ ಕೇಳುವುದಿಲ್ಲ. ಅದು ಕೇಳುವವರ ತಪ್ಪಲ್ಲ. ಎಲ್ಲ ಕನ್ನಡ ಸಭೆಗಳಲ್ಲೂ ವಂದನಾರ್ಪಣೆ ಕೊನೆಯಲ್ಲಿ ಬರುತ್ತದೆ, ಅದರ ಹಿಂದೆಯೇ ಊಟ ಬರುತ್ತದೆ. ಹೀಗಾಗಿ ಆ ಪದ ಮೈಕಿನಲ್ಲಿ ಕೇಳಿಸಿದ್ದೇ ತಡ, ಸಭೆಗೆ ಸಭೆಯೇ ಎದ್ದು ನಿಲ್ಲುತ್ತದೆ. ಗಂಡಸರು ಸಾಲು ಹಿಡಿಯಲು ಓಡುತ್ತಾರೆ, ಹೆಂಗಸರು ಮಕ್ಕಳನ್ನು ಹುಡುಕುತ್ತಾರೆ, ಮಕ್ಕಳು ಆಗಲೇ ಹಪ್ಪಳದ ಬುಟ್ಟಿಯ ಹತ್ತಿರ ಇರುತ್ತಾರೆ. ಯೋಗಾನಂದ ಖಾಲಿ ಕುರ್ಚಿಗಳಿಗೆ ವಂದಿಸುತ್ತಾನೆ. ಮಂಡಿನೋವಿನಿಂದ ಏಳಲಾಗದೆ ಕುಳಿತೇ ಇರುವ ಮಂಡ್ಯದ ವೆಂಕಟಮ್ಮ ಮಾತ್ರ ಕೊನೆಗೆ, “ಚೆನ್ನಾಗ್ ಹೇಳ್ದೆ ಕಣಪ್ಪ, ಈಗ ನಂಗೊಂದ್ ತಟ್ಟೆ ತತ್ತಾ” ಎನ್ನುತ್ತಾರೆ.

ಇಂಥವನ ಕೊರಳಿಗೆ ಒಂದು ದೇಶದ ಸಂಕಟ ಬಂದು ಬಿದ್ದದ್ದು ಹೀಗೆ.

ಆಫೀಸಿನಲ್ಲಿ ಅವನ ಪಕ್ಕದ ಮೇಜಿನವಳು ಥಿಡಾ, ಬರ್ಮಾದವಳು. ಮಧ್ಯಾಹ್ನ ಅವಳು ಉಪ್ಪಿನಲ್ಲಿ ಹಾಕಿಟ್ಟ ಚಹಾ ಎಲೆಯ ಕೋಸಂಬರಿ ತರುತ್ತಾಳೆ, ಇವನು ಚಿತ್ರಾನ್ನ ಒಯ್ಯುತ್ತಾನೆ, ಇಬ್ಬರೂ ಹಂಚಿಕೊಂಡು ತಿನ್ನುತ್ತಾರೆ. ಅವಳ ತಮ್ಮ ಅಲ್ಲಿ ಗಣಿತದ ಮೇಷ್ಟ್ರು. ಸೇನೆ ಸರ್ಕಾರವನ್ನು ಕಿತ್ತುಕೊಂಡಾಗ, ಪಾಠ ನಿಲ್ಲಿಸಿ ಮುಷ್ಕರಕ್ಕೆ ಕುಳಿತ ಮೇಷ್ಟ್ರುಗಳಲ್ಲಿ ಅವನೂ ಒಬ್ಬ. ಅವತ್ತಿನಿಂದ ಜೈಲಿನಲ್ಲಿದ್ದಾನೆ. ಅವರ ಊರಿನ ಕಡೆಗೆ ಆಗಾಗ ಸೇನೆಯ ವಿಮಾನಗಳು ಬಂದು ಬಾಂಬು ಹಾಕಿ ಹೋಗುತ್ತವೆ. ಬೇರೆ ದೇಶದ ವಿಮಾನಗಳಲ್ಲ, ತಮ್ಮದೇ ದೇಶದವು. ಈ ಮಾತನ್ನು ಮೊದಲ ಸಲ ಕೇಳಿದ ದಿನ ಯೋಗಾನಂದ ಚಿತ್ರಾನ್ನವನ್ನು ಅರ್ಧಕ್ಕೇ ಬಿಟ್ಟ.

ಅಮೆರಿಕದ ಸಂಸತ್ತಿನ ಕೆಲವು ಸದಸ್ಯರು ಸೇರಿ ಒಂದು ಪತ್ರ ಬರೆಯುತ್ತಿದ್ದರು. ಆ ಸೇನಾ ಸರ್ಕಾರದ ಮೇಲೆ ಎಲ್ಲ ದೇಶಗಳೂ ನಿರ್ಬಂಧ ಹೇರಬೇಕು, ಜನರಲ್‌ಗಳ ಹಣ ತಡೆಹಿಡಿಯಬೇಕು, ಅವರ ವಿಮಾನಗಳಿಗೆ ಯಾರೂ ಎಣ್ಣೆ ಮಾರಬಾರದು ಎಂದು ಅದರಲ್ಲಿತ್ತು. ಹಲವರು ಸಹಿ ಹಾಕಿದ್ದರು. ಥಿಡಾಳ ಕ್ಷೇತ್ರದ ಸದಸ್ಯ ಮಾರ್ಟಿನ್ ಹೆಲ್ವಿಗ್ ಎಂಬುವವರು ಮಾತ್ರ ಹಾಕಿರಲಿಲ್ಲ. ಅವಳು ಅವರ ಆಫೀಸಿಗೆ ಫೋನು ಮಾಡಿ ಮಾಡಿ ಸಾಕಾಗಿದ್ದಳು. ಪ್ರತಿ ಸಲವೂ ಯಾರೋ ಒಬ್ಬರು, ನಿಮ್ಮ ಅಭಿಪ್ರಾಯ ಗುರುತು ಹಾಕಿಕೊಂಡಿದ್ದೇವೆ ಎಂದು ಮೃದುವಾಗಿ ಹೇಳಿ ಇಡುತ್ತಿದ್ದರು.

“ಅವರು ನಿಮ್ಮ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಅಂತ ನೀವೇ ಹೇಳಿದ್ರಲ್ಲ,” ಎಂದು ಒಂದು ಮಧ್ಯಾಹ್ನ ಥಿಡಾ ಕೇಳಿದಳು. “ನೀವು ಸ್ಟೇಜ್ ಮೇಲೆ ಇರ್ತೀರಿ. ಒಂದು ಮಾತು ಕೇಳ್ತೀರಾ, ಸಹಿ ಹಾಕಿ ಅಂತ? ಅಮ್ಮನೂ ಬರ್ತಾರೆ.”

ಯೋಗಾನಂದ ಖಂಡಿತ ಎಂದ. ಇಲ್ಲವೆನ್ನುವುದೂ ಅವನಿಗೆ ಬರುತ್ತಿರಲಿಲ್ಲ. ಥಿಡಾ ಅವನ ಎರಡೂ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು, ಆಗ ಅವನಿಗೆ ತಾನು ಏನು ಒಪ್ಪಿಕೊಂಡೆನೆಂದು ಅರ್ಥವಾಯಿತು. ಜೀವಮಾನದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳದವನು ಒಬ್ಬ ಎಂ.ಪಿ.ಯನ್ನು ತುಂಬಿದ ಸಭೆಯಲ್ಲಿ ಕೇಳಬೇಕು. ಕೇಳದಿದ್ದರೆ ಮರುದಿನ ಪಕ್ಕದ ಮೇಜಿನವಳ ಮುಖ ನೋಡುವುದು ಹೇಗೆ?

ಮೊದಲ ವಿಘ್ನ ಬಳಗದ ಅಧ್ಯಕ್ಷ ತಿರುಮಲೇಶ. ಅತಿಥಿಗಳು ಎಂದೂ ಕೊನೆಯವರೆಗೆ ಕೂರುವುದಿಲ್ಲ. ದೀಪ ಹಚ್ಚಿ, ಪೇಟ ತೊಡಿಸಿಕೊಂಡು, ದೋಸೆಯ ಬಗ್ಗೆ ಎರಡು ಮಾತಾಡಿ ಇನ್ನೊಂದು ಸಭೆಗೆ ಓಡುತ್ತಾರೆ. ಹಾಗಾಗಿ ವಂದನಾರ್ಪಣೆಯನ್ನು ಸ್ವಲ್ಪ ಮುಂದಕ್ಕೆ ಹಾಕಿದರೆ ಎಂದು ಯೋಗಾನಂದ ಬಾಯಿ ತೆರೆದ.

“ಯೋಗಣ್ಣ, ತಮಾಷೆ ಮಾಡ್ತೀರಾ?” ಎಂದ ತಿರುಮಲೇಶ. “ವಂದನಾರ್ಪಣೆ ಅಂದ್ರೆ ಜನ ಊಟಕ್ಕೆ ಏಳ್ತಾರೆ. ಇನ್ನೂ ಎಂಟು ಡ್ಯಾನ್ಸ್ ಇದೆ. ಆ ಮಕ್ಕಳ ತಾಯಂದ್ರು ನನ್ನ ಸುಮ್ನೆ ಬಿಡ್ತಾರಾ?”

“ಸರಿ, ಥ್ಯಾಂಕ್ಸ್,” ಎಂದ ಯೋಗಾನಂದ.

ರಾಜ್ಯೋತ್ಸವ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಥಿಡಾ ತನ್ನ ಅಮ್ಮನನ್ನು ಕರೆದುಕೊಂಡು ಎರಡನೆಯ ಸಾಲಿನಲ್ಲಿ, ವೆಂಕಟಮ್ಮನವರ ಪಕ್ಕದಲ್ಲಿ ಕುಳಿತಿದ್ದಳು. ಆ ಇಬ್ಬರು ಮುದುಕಿಯರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಪ್ರಾರ್ಥನೆ ಮುಗಿಯುವಷ್ಟರಲ್ಲಿ ವೆಂಕಟಮ್ಮ ತಮ್ಮ ಮಂಡಿಯನ್ನು ತೋರಿಸಿಯಾಗಿತ್ತು, ಆಕೆ ತಮ್ಮದನ್ನು ತೋರಿಸಿಯಾಗಿತ್ತು.

ಹೆಲ್ವಿಗ್ ಸಾಹೇಬರು ತಡವಾಗಿ ಬಂದರು. ಜೊತೆಗೊಬ್ಬಳು ಚುರುಕು ಸಹಾಯಕಿ. ತಿರುಮಲೇಶ ಅವರಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಮೈಸೂರು ಪೇಟ ಇಟ್ಟ. ಪೇಟ ಒಂದು ಅಳತೆ ದೊಡ್ಡದಾಗಿ ಸಾಹೇಬರ ಹುಬ್ಬಿನ ಮೇಲೆ ಕುಳಿತಿತು. ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಅವರು ಯೋಗ, ದೋಸೆ ಮತ್ತು ಕಂಪ್ಯೂಟರ್ ಬಗ್ಗೆ ಮಾತಾಡಿದರು. ಬಾಗಿಲ ಬಳಿ ಸಹಾಯಕಿ ಕಾರಿನ ಬೀಗದ ಕೈ ಅಲ್ಲಾಡಿಸಿದಳು. ಸಾಹೇಬರು ಕೈ ಮುಗಿದು ವೇದಿಕೆಯಿಂದ ಇಳಿಯಲು ತಿರುಗಿದರು.

ನಿರೂಪಕಿ ದೀಪಾಲಿ ಮುಂದಿನ ನೃತ್ಯವನ್ನು ಕರೆದಳು. ಹಾಡು ಬರಲಿಲ್ಲ. ಲ್ಯಾಪ್‌ಟಾಪಿನ ಸುತ್ತ ನಾಲ್ಕು ಜನ ಇಂಜಿನಿಯರುಗಳು ಸೇರಿ, ನಾಲ್ಕು ಕಡೆಯಿಂದ ನಾಲ್ಕು ವೈರು ಕಿತ್ತರು. ಮೈಕ್ ಸುಮ್ಮನೆ ನಿಂತಿತ್ತು. ಯೋಗಾನಂದ ಥಿಡಾಳನ್ನು ನೋಡಿದ. ಅವಳು ಹೆಲ್ವಿಗ್ ಅವರ ಬೆನ್ನು ನೋಡುತ್ತಿದ್ದಳು. ಇವನ ಕಾಲುಗಳು ಇವನನ್ನು ಕೇಳದೆಯೇ ಮೈಕಿನ ಬಳಿಗೆ ಹೋದವು.

ಒಂದು ವಾರದಿಂದ ರೈಲಿನಲ್ಲಿ ಕುಳಿತು ಅವನು ಬಾಯಿಪಾಠ ಮಾಡಿದ್ದ: ಸರ್, ದಯವಿಟ್ಟು ಸಹಿ ಹಾಕಿ. ಆದರೆ ಮೈಕಿನ ಮುಂದೆ ನಿಂತಾಗ ನಲವತ್ತು ವರ್ಷಗಳ ಅಭ್ಯಾಸ ಬಾಯಿಗೆ ಬಂತು.

“ಈಗ ವಂದನಾರ್ಪಣೆ,” ಎಂದ.

ಸಭೆ ಎದ್ದು ನಿಂತಿತು.

ಹಿಂದಿನ ಸಾಲುಗಳವರು ಬಾಗಿಲಿಗೆ ನುಗ್ಗಿದರು. ಹೊರಗೆ ಊಟದ ಪಾತ್ರೆಗಳ ಮುಚ್ಚಳವನ್ನು ಇನ್ನೂ ತೆಗೆದಿರಲಿಲ್ಲ, ಆದ್ದರಿಂದ ಸಾಲು ಮುಂದೆ ಚಲಿಸದೆ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ನವಿಲಿನ ವೇಷದ ಮಕ್ಕಳು ಗರಿ ಸಮೇತ ಸಾಲಿಗೆ ಸೇರಿಕೊಂಡರು. ಸಹಾಯಕಿಯನ್ನು ಜನಪ್ರವಾಹ ಹೊರಗೆ ತೇಲಿಸಿಕೊಂಡು ಹೋಯಿತು. ಯಾರೋ ಉಪಕಾರಿಗಳು ಅವಳ ಕೈಗೂ ಒಂದು ತಟ್ಟೆ ಕೊಟ್ಟಿದ್ದರು. ಮುಂದಿನ ಸಾಲುಗಳವರಿಗೆ ದಾರಿಯೇ ಇರಲಿಲ್ಲ. ಅವರು ನಿಂತಲ್ಲೇ ನಿಂತರು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ವೇದಿಕೆಯ ಕಡೆಗೆ ತಿರುಗಿ ಚಪ್ಪಾಳೆ ತಟ್ಟಿದರು.

ಹೆಲ್ವಿಗ್ ಸಾಹೇಬರು ತಿರುಗಿ ನೋಡಿದರು. ಇಡೀ ಸಭಾಂಗಣ ಎದ್ದು ನಿಂತಿದೆ. ಅಮೆರಿಕದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುವುದೆಂದರೆ ದೊಡ್ಡ ಗೌರವ. ಮೂವತ್ತು ವರ್ಷಗಳ ರಾಜಕೀಯದಲ್ಲಿ, ಸ್ವಂತ ಪಕ್ಷದವರೂ ಅವರಿಗಾಗಿ ಎದ್ದು ನಿಂತದ್ದಿಲ್ಲ. ಅವರು ಪೇಟ ಹಿಡಿದಿದ್ದ ಕೈಯನ್ನು ಬಿಟ್ಟು ಎದೆಯ ಮೇಲಿಟ್ಟುಕೊಂಡರು. ಪೇಟ ಮೂಗಿನವರೆಗೆ ಇಳಿಯಿತು. ಅವರು ಅದನ್ನು ಮೇಲೆತ್ತಿದಾಗ ಕಣ್ಣುಗಳು ಒದ್ದೆಯಾಗಿದ್ದವು.

ಯೋಗಾನಂದ ಮುಂದುವರಿಸಿದ, ಇಂಗ್ಲಿಷಿನಲ್ಲಿ. ಬಿಡುವು ಮಾಡಿಕೊಂಡು ಬಂದದ್ದಕ್ಕೆ ಹೆಲ್ವಿಗ್ ಅವರನ್ನು ವಂದಿಸಿದ. ದೀಪ ಹಚ್ಚಿದ್ದಕ್ಕೆ ವಂದಿಸಿದ. ಈಗ ಕೇಳಬೇಕು, ಈಗ, ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಬಾಯಿ ಮಾತ್ರ ತನಗೆ ಗೊತ್ತಿದ್ದ ದಾರಿಯಲ್ಲೇ ಓಡಿತು. “ಎಲ್ಲಕ್ಕಿಂತ ಹೆಚ್ಚಾಗಿ, ಬರ್ಮಾದ ಸೇನಾ ಸರ್ಕಾರದ ಮೇಲೆ ನಿರ್ಬಂಧ ಹೇರಬೇಕೆಂಬ ಪತ್ರಕ್ಕೆ ಸಹಿ ಹಾಕಿ, ತಮ್ಮದೇ ವಿಮಾನಗಳಿಗೆ ಹೆದರಿ ಬದುಕುತ್ತಿರುವ ಜನರ ಪರವಾಗಿ ನಿಂತ ಮಾನ್ಯರಿಗೆ ನಮ್ಮ ಹೃತ್ಪೂರ್ವಕ ವಂದನೆಗಳು,” ಎಂದುಬಿಟ್ಟ.

ಹೇಳಿದ ಮೇಲೆ ಅವನಿಗೆ ಬೆವರಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿದ್ದಾರೆ, ಇವನು ಕೂಸಿನ ನಾಮಕರಣವನ್ನೇ ಮಾಡಿ ಮುಗಿಸಿದ್ದ.

ಥಿಡಾಗೆ ಅದು ಸುಳ್ಳೆಂದು ಗೊತ್ತು. ಆದರೆ ಅಮ್ಮ ಅವಳ ತೋಳು ಜಗ್ಗಿ, ಏನಂದರು ಎಂದು ಕೇಳಿದರು. ಅವಳು ಇದ್ದದ್ದನ್ನು ಇದ್ದಂತೆ ಅನುವಾದಿಸಿದಳು. ಆ ಮುದುಕಿ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು, ಎದೆಯ ಮುಂದೆ ಕೈ ಜೋಡಿಸಿದರು, ಹೆಲ್ವಿಗ್ ಅವರಿಗೆ ತಲೆಬಾಗಿ ಹಾಗೇ ನಿಂತರು. ಅವರನ್ನು ನೋಡಿ ವೆಂಕಟಮ್ಮನವರೂ, ಏನು ಎತ್ತ ತಿಳಿಯದಿದ್ದರೂ, ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಕನ್ನಡ ಬಳಗದ ಚರಿತ್ರೆಯಲ್ಲಿ ಅವರು ವಂದನಾರ್ಪಣೆಗೆ ಎದ್ದದ್ದು ಅದೊಂದೇ ಸಲ.

ಸಾಹೇಬರು ಸಹಾಯಕಿಗಾಗಿ ಬಾಗಿಲ ಕಡೆ ನೋಡಿದರು. ಅಲ್ಲಿ ಅವಳಿರಲಿಲ್ಲ, ನವಿಲುಗಳಿದ್ದವು. ಮುದುಕಿಯನ್ನು ನೋಡಿದರು. ನಿಂತ ಸಭೆಯನ್ನು ನೋಡಿದರು. ಮೈಕ್ ತೆಗೆದುಕೊಂಡು, “ಆ ಪತ್ರದಲ್ಲಿ ನನ್ನ ಹೆಸರಿರುವುದು ನನಗೆ ಹೆಮ್ಮೆ,” ಎಂದರು.

ಸೋಮವಾರ ಬೆಳಗ್ಗೆ ಹೆಸರು ಇತ್ತು.

ಆಮೇಲಿನ ಕೆಲವು ವಾರ ಯೋಗಾನಂದನಿಗೆ ಬೈಗುಳ ಮತ್ತು ಕೀರ್ತಿ ಎರಡೂ ಸಮಸಮ ಬಂದವು. ನವಿಲುಗಳ ತಾಯಂದಿರು ಮಾತು ಬಿಟ್ಟರು. ತಿರುಮಲೇಶ ಮೊದಲು ಕೂಗಾಡಿದ, ಆಮೇಲೆ ಯೋಚಿಸಿದ. ಒಂದು ಸಂಜೆ ಹೋಳಿಗೆ ಡಬ್ಬಿ ಹಿಡಿದು ಮನೆಗೇ ಬಂದ.

“ಯೋಗಣ್ಣ, ಯುಗಾದಿಗೂ ಹೆಲ್ವಿಗ್ ಅವರನ್ನೇ ಕರೆಯೋಣ. ಗ್ರೀನ್ ಕಾರ್ಡ್ ಕ್ಯೂ ಪೂರ್ತಿ ತೆಗೆದುಹಾಕಿದ್ದಕ್ಕೆ ಒಂದು ವಂದನಾರ್ಪಣೆ ಮಾಡಿಬಿಡಿ.”

“ತೆಗೆದಿಲ್ವಲ್ಲ ತಿರುಮಲೇಶ್.”

“ಅದಕ್ಕೇ ಹೇಳ್ತಿರೋದು.”

ಆದರೆ ಹೆಲ್ವಿಗ್ ಸಾಹೇಬರ ಸಹಾಯಕಿ ಪೆದ್ದಿಯಾಗಿರಲಿಲ್ಲ. ಯುಗಾದಿಯ ಆಹ್ವಾನಕ್ಕೆ ಬಂದ ಉತ್ತರದಲ್ಲಿ, ಮಾನ್ಯ ಸದಸ್ಯರು ಈಗಾಗಲೇ ಮಾಡಿರುವ ಕೆಲಸಗಳಿಗೆ ಮಾತ್ರ ಧನ್ಯವಾದ ಸ್ವೀಕರಿಸಲು ಇಚ್ಛಿಸುತ್ತಾರೆ, ವಂದನಾರ್ಪಣೆಯ ಪ್ರತಿಯನ್ನು ಮುಂಚಿತವಾಗಿ ಕಳಿಸಬೇಕು ಎಂದಿತ್ತು. ತಿರುಮಲೇಶ ಹೋಳಿಗೆ ಡಬ್ಬಿ ವಾಪಸು ಕೇಳಲು ನಾಚಿ ಸುಮ್ಮನಾದ.

ಅಷ್ಟರಲ್ಲಿ ಆ ಪತ್ರ ಎಲ್ಲರ ಸಹಿಯೊಂದಿಗೆ ಹೋಗಿಯಾಗಿತ್ತು. ಪತ್ರಿಕೆಯಲ್ಲಿ ಸಣ್ಣ ಸುದ್ದಿಯೂ ಬಂತು. ಥಿಡಾ ಅದನ್ನು ಕತ್ತರಿಸಿ ತಂದು ಯೋಗಾನಂದನಿಗೆ ತೋರಿಸಿದಳು. ಅವನು ಹಿಗ್ಗಿ ಹೀರೇಕಾಯಿಯಾದ. ಮನೆಗೆ ಹೋಗಿ ಮಗಳು ನವ್ಯಾಗೆ ಹೇಳಿದ. ಅವಳು, “ದಟ್ಸ್ ರಿಯಲಿ ಕೂಲ್, ಅಪ್ಪ. ಸೋ ಡಿಡ್ ದೇ ಸ್ಟಾಪ್?” ಎಂದು ಕೇಳಿದಳು.

ಅದೇ ಪ್ರಶ್ನೆಯನ್ನು ಥಿಡಾಳ ಅಮ್ಮನೂ ದಿನಾ ಬೆಳಗ್ಗೆ ಕೇಳುತ್ತಿದ್ದರು. ವಿಮಾನಗಳು ನಿಂತವಾ? ನಿಂತಿರಲಿಲ್ಲ. ಪತ್ರವೆಂದರೆ ಪತ್ರ. ಅದು ಹೇರಬೇಕು ಎನ್ನುತ್ತದೆ, ಹೇರುವುದಿಲ್ಲ. ಎಣ್ಣೆ ಮಾರುವವರು ಮಾರುತ್ತಲೇ ಇದ್ದರು. ಫೆಬ್ರವರಿಯಲ್ಲಿ ಥಿಡಾಳ ತಮ್ಮನನ್ನು ದೂರದ ಇನ್ನೊಂದು ಜೈಲಿಗೆ ಹಾಕಿದರು, ಮನೆಯವರು ಕಳಿಸುತ್ತಿದ್ದ ಔಷಧಿ ಅಲ್ಲಿಗೆ ತಲುಪುತ್ತದೋ ಇಲ್ಲವೋ ಗೊತ್ತಿಲ್ಲ. ಆ ವಾರ ಅವಳು ಊಟದ ಡಬ್ಬಿ ತರಲಿಲ್ಲ. ಯೋಗಾನಂದ ತನ್ನದನ್ನು ಅರ್ಧ ಮಾಡಿ ಅವಳ ಮುಂದಿಟ್ಟ. ಇಬ್ಬರೂ ತಿನ್ನಲಿಲ್ಲ. ಸಭೆಯನ್ನು ಎಬ್ಬಿಸಿ ನಿಲ್ಲಿಸಿದೆನೆಂದು ಬೀಗಿದ್ದಕ್ಕೆ ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಎಣ್ಣೆ ಮಾರುವವರನ್ನೇ ನೇರವಾಗಿ ಹಿಡಿಯುವ ಒಂದು ಮಸೂದೆ ಸಂಸತ್ತಿನಲ್ಲಿತ್ತು. ಅದನ್ನು ಬೆಂಬಲಿಸುವವರ ಪಟ್ಟಿಯಲ್ಲಿ ಹೆಲ್ವಿಗ್ ಇರಲಿಲ್ಲ. ಈ ಸಲ ಪೇಟವಿಲ್ಲ, ಬಿಸಿಬೇಳೆಬಾತ್ ಇಲ್ಲ, ಎದ್ದು ನಿಲ್ಲುವ ಸಭೆಯಿಲ್ಲ. ಅವರ ಆಫೀಸಿಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಕೇಳಬೇಕು. ಥಿಡಾ ಭೇಟಿಯ ಸಮಯ ಗೊತ್ತುಮಾಡಿಸಿದಳು. “ನೀವು ಬರ್ತೀರಾ?” ಎಂದಳು. “ಅವರು ನನ್ನ ಮರೆತಿರ್ತಾರೆ. ನಿಮ್ಮನ್ನ ಮರೆತಿರಲ್ಲ.”

ರಂಜನಿ ಈ ಸಂಗತಿ ಕೇಳಿ ಸೆರಗು ಸಿಕ್ಕಿಸಿಕೊಂಡಳು.

“ಮೊದ್ಲು ನನ್ನ ಹತ್ರ ಕೇಳೋದು ಕಲೀರಿ. ಕಾಫಿ ಕೇಳಿ ನೋಡೋಣ.”

“ರಂಜನಿ, ನಿನ್ನ ಕಾಫಿ ಅಂದ್ರೆ…”

“ಹೊಗಳ್ಬೇಡಿ. ಕೇಳಿ.”

“ಮಾಡಿಕೊಟ್ರೆ ಬಹಳ ಉಪಕಾರ…”

“ಉಪಕಾರ ಬೇಡ.”

ಆ ಶನಿವಾರ ಬೆಳಗ್ಗೆ ಯೋಗಾನಂದನಿಗೆ ಕಾಫಿ ಸಿಗಲಿಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿತ್ತು, ಹಾಲು ಕಾದಿತ್ತು, ವಾಸನೆ ಮನೆಯೆಲ್ಲ ತುಂಬಿತ್ತು. ಅವನು ಹಜಾರದಲ್ಲಿ ಅಡ್ಡಾಡಿದ, ಪೀಠಿಕೆ ಹಾಕಿದ, ತಲೆನೋವೆಂದ. ತಾನೇ ಬಗ್ಗಿಸಿಕೊಳ್ಳಲು ಹೋದಾಗ ರಂಜನಿ ಸೌಟಿನಿಂದ ಕೈ ಮೇಲೆ ಬಾರಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಅವನ ತಾಳ್ಮೆ ತೀರಿತು.

“ರಂಜನಿ, ನಂಗೆ ಕಾಫಿ ಕೊಡು,” ಎಂದ.

ಅವಳು ಕೊಟ್ಟಳು. ಅವನು ಲೋಟ ಹಿಡಿದು ಬಾಯಿ ತೆರೆದ. ರಂಜನಿ ಬೆರಳೆತ್ತಿ, “ಇನ್ನೂ ಕುಡಿದಿಲ್ಲ. ಬಿಸಿ ಇದ್ಯೋ, ಸಕ್ಕರೆ ಇದ್ಯೋ, ನಿಮಗೇನ್ ಗೊತ್ತು? ಕುಡಿದ್ಮೇಲೆ ಹೇಳಿ,” ಎಂದಳು. ಕಾಫಿಗೆ ಅವಳು ಬೇಕೆಂದೇ ಸಕ್ಕರೆ ಹಾಕಿರಲಿಲ್ಲ.

ಸ್ಯಾನ್ ಹೊಸೆಯ ಆಫೀಸಿನಲ್ಲಿ ಹೆಲ್ವಿಗ್ ಸಾಹೇಬರು ಯೋಗಾನಂದನನ್ನು ಕಂಡೊಡನೆ ಎದ್ದು ಬಂದು ಕೈ ಕುಲುಕಿದರು. ಗೋಡೆಯ ಮೇಲೆ ಪೇಟ ಧರಿಸಿದ ಅವರ ಫೋಟೋ ಇತ್ತು, ಹಿಂದೆ ಎದ್ದು ನಿಂತ ಸಭೆ. ಆ ದಿನವನ್ನು ತಾವು ಮರೆಯುವುದಿಲ್ಲ ಎಂದರು. ಆಮೇಲೆ ಕುಳಿತು ಮುಗುಳ್ನಕ್ಕು ಕಾದರು. ವಂದನೆಗಾಗಿ ಬಂದಿದ್ದಾನೆಂದೇ ಅವರ ಎಣಿಕೆ. ಮೂಲೆಯಲ್ಲಿ ಸಹಾಯಕಿ ಮಾತ್ರ ಎಚ್ಚರದಿಂದ ಕುಳಿತಿದ್ದಳು.

“ಸರ್, ನಾವು ಒಂದು ಕೇಳೋಕೆ ಬಂದಿದೀವಿ,” ಎಂದ ಯೋಗಾನಂದ. “ಆ ವಿಮಾನಗಳಿಗೆ ಎಣ್ಣೆ ಮಾರೋವರ ಮೇಲೆ ನಿರ್ಬಂಧ ಹಾಕೋ ಮಸೂದೆಗೆ ನೀವು ಸೇರಬೇಕು. ಇದೇ ವಾರ.”

ಅಷ್ಟೇ. ಒಂದೂ ವಿಶೇಷಣವಿಲ್ಲ. ಥಿಡಾ ಅವನನ್ನು ತಿರುಗಿ ನೋಡಿದಳು.

ಹೆಲ್ವಿಗ್ ಅವರ ನಗು ಸ್ವಲ್ಪ ಮಾಸಿತು. ವಿಷಯ ಬಹಳ ಮುಖ್ಯವಾದದ್ದು ಎಂದರು. ತಮ್ಮ ತಂಡ ಅದನ್ನು ಪರಿಶೀಲಿಸುತ್ತಿದೆ ಎಂದರು. ಹಲವು ಮುಖಗಳಿವೆ, ಸಂದರ್ಭ ಸೂಕ್ಷ್ಮವಾಗಿದೆ, ನಿಮ್ಮ ಅಭಿಪ್ರಾಯ ಗುರುತು ಹಾಕಿಕೊಂಡಿದ್ದೇವೆ ಎಂದರು. ಆಮೇಲೆ ಎದ್ದು ಬಾಗಿಲು ತೆರೆದು ಹಿಡಿದು, “ಬಂದದ್ದಕ್ಕೆ ಥ್ಯಾಂಕ್ ಯೂ,” ಎಂದರು.

ಅಮೆರಿಕದಲ್ಲಿ ಯಾವ ಭೇಟಿಯೂ ಎರಡು ಕಡೆಯ ಥ್ಯಾಂಕ್ ಯೂ ಇಲ್ಲದೆ ಮುಗಿಯುವುದಿಲ್ಲ. ಇವರು ಹೇಳಬೇಕು, ಅವರು ಹೇಳಬೇಕು, ಆಗ ಎಲ್ಲರೂ ಎದ್ದು ಹೋಗಬಹುದು. ಯೋಗಾನಂದನ ಗಂಟಲಿಗೂ ಆ ಮಾತು ಬಂತು. ನಾಲಗೆಯ ತುದಿಯಲ್ಲಿ ಬಂದು ನಿಂತಿತು. ಪಕ್ಕದಲ್ಲಿ ಥಿಡಾ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ಅವನು ಆ ಮಾತನ್ನು ನುಂಗಿದ. ಕಷ್ಟವಾಯಿತು, ಆದರೂ ನುಂಗಿದ.

ಅವನು ಏಳಲಿಲ್ಲ. ಥಿಡಾಳೂ ಏಳಲಿಲ್ಲ.

ಹೆಲ್ವಿಗ್ ಬಾಗಿಲು ಹಿಡಿದು ನಿಂತೇ ಇದ್ದರು. ಸಹಾಯಕಿ ಗಡಿಯಾರ ನೋಡಿದಳು, ಕೆಮ್ಮಿದಳು, ಕೊನೆಗೆ ತಾನೇ ಇವನ ಪರವಾಗಿ ಥ್ಯಾಂಕ್ ಯೂ ಎಂದಳು. ಅದು ಲೆಕ್ಕಕ್ಕೆ ಬರಲಿಲ್ಲ. ಹೊರಗೆ ಯಾರದೋ ಫೋನು ಬಡಿದುಕೊಂಡು ನಿಂತಿತು.

“ನೀವು…” ಎಂದು ಹೆಲ್ವಿಗ್ ನಗಲು ನೋಡಿದರು. “ನೀವು ಈ ಸಲ ನನಗೆ ಥ್ಯಾಂಕ್ಸ್ ಹೇಳೋದಿಲ್ವಾ?”

“ಇಲ್ಲ ಸರ್,” ಎಂದ ಯೋಗಾನಂದ. “ಇವರ ಅಮ್ಮ ಬೆಳಗ್ಗೆ ಎದ್ದು, ವಿಮಾನ ನಿಂತವಾ ಅಂತ ಕೇಳ್ತಾರೆ. ಅವತ್ತು ನಿಮಗೆ ಕೈ ಮುಗಿದ್ರಲ್ಲ, ಅವರು. ಅವರಿಗೆ ಏನು ಹೇಳಬೇಕು ಅಂತ ನೀವು ಹೇಳಿ, ನಾವು ಹೋಗ್ತೀವಿ.”

ಹೆಲ್ವಿಗ್ ಗೋಡೆಯ ಮೇಲಿನ ಫೋಟೋ ನೋಡಿದರು. ಆಮೇಲೆ ಬಾಗಿಲು ಮುಚ್ಚಿ ಬಂದು ತಮ್ಮ ಮೇಜಿನ ಹಿಂದೆ ಕೂರದೆ, ಈ ಕಡೆಯ ಒಂದು ಕುರ್ಚಿ ಎಳೆದುಕೊಂಡು ಥಿಡಾಳ ಎದುರಿಗೆ ಕುಳಿತರು. ಅವಳ ಕಡೆ ತಿರುಗಿ, “ಅಲ್ಲಿ ನಿಮ್ಮವರು ಯಾರಿದ್ದಾರೆ?” ಎಂದು ಕೇಳಿದರು.

“ನನ್ನ ತಮ್ಮ, ಜೈಲಲ್ಲಿದಾನೆ,” ಎಂದಳು ಥಿಡಾ. “ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಿದ್ದ.”

ಅವಳು ಹೇಳುತ್ತ ಹೋದಳು. ಈ ಸಲ ಸಹಾಯಕಿ ಗಡಿಯಾರ ನೋಡಲಿಲ್ಲ.